ಹೀಟರ್ ಕೂರಿಸಿದ ಚಳಿಗಾಲ

ಟ್ರ್ಯಾಕ್ಟರ್ ಕ್ಯಾಬಿಗೆ ಹೀಟರ್ ಕೂರಿಸುವುದು ಅರ್ಧ ದಿನದ ಕೆಲಸ ಎಂದು ವಿಡಿಯೊದಲ್ಲಿ ನಗುನಗುತ್ತಾ ಹೇಳಿದ ಆ ಪುಣ್ಯಾತ್ಮ ಈಗಲೂ ನನ್ನ ಕೈಗೆ ಸಿಕ್ಕಿದರೆ, ಅವನ ಕೈಗೊಂದು ಸ್ಪ್ಯಾನರ್ ಕೊಟ್ಟು ನಮ್ಮ ಶೆಡ್ಡಿನೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತೇನೆ. ನನಗೆ ಆ ಕೆಲಸ ಚಳಿಗಾಲದ ಅರ್ಧ ಭಾಗವನ್ನು ನುಂಗಿತು. ಇಷ್ಟೆಲ್ಲ ಆಗಿಯೂ ಆ ಹೀಟರಿನ ಬಿಸಿ ಗಾಳಿಯನ್ನು ನಾನು ಅನುಭವಿಸಿದ್ದು ಒಂದೇ ಒಂದು ಮಧ್ಯಾಹ್ನ. ಅದೂ ಹಿಮದ ಸುಳಿವೇ ಇಲ್ಲದೆ ಚೆನ್ನಾಗಿ ಬಿಸಿಲು ಬಿದ್ದಿದ್ದ ಮಧ್ಯಾಹ್ನ.

ಅಮೆರಿಕದ ಸಿಯಾಟಲ್ ಹತ್ತಿರದ ಸ್ನೊಕ್ವಾಲ್ಮಿ ಊರು ದಾಟಿ ಗುಡ್ಡ ಹತ್ತಿದರೆ ಡಾಂಬರು ಮುಗಿದು ಜಲ್ಲಿ ರಸ್ತೆ ಶುರುವಾಗುತ್ತದೆ. ಅದರ ಕೊನೆಯಲ್ಲಿ ನಮ್ಮ ನರ್ಸರಿ ಇದೆ. ಎರಡು ಪ್ಲಾಸ್ಟಿಕ್ ಹಸಿರುಮನೆಗಳಲ್ಲಿ ಕರಿಬೇವು, ಮಲ್ಲಿಗೆ, ವೀಳ್ಯದೆಲೆ, ದೊಡ್ಡಪತ್ರೆ ಗಿಡಗಳನ್ನು ಕುಂಡದಲ್ಲಿ ಬೆಳೆಸಿ ಮಾರುತ್ತೇನೆ. ಓವರ್‌ಲೇಕ್ ಬಡಾವಣೆಯ ನಮ್ಮ ಭಾರತದವರು ವಾರಾಂತ್ಯದಲ್ಲಿ ಮನೆಮಂದಿಯೆಲ್ಲ ಬಂದು, ಎಲೆ ಕಿತ್ತು ಮೂಸಿ, "ಚಳಿ ತಡ್ಕೊಳ್ಳುತ್ತಾ ಮೇಡಂ?" ಎಂದು ಹತ್ತು ಸಲ ಕೇಳಿ ಕೊಂಡೊಯ್ಯುತ್ತಾರೆ. ತಡೆದುಕೊಳ್ಳುವುದಿಲ್ಲ. ಅದಕ್ಕೇ ಹಸಿರುಮನೆಗಳಿಗೆ ಗ್ಯಾಸ್ ಹೀಟರ್ ಇದೆ, ಅದಕ್ಕೆ ಅಂಗಳದಲ್ಲೊಂದು ದೊಡ್ಡ ಗ್ಯಾಸ್ ಟ್ಯಾಂಕು ಇದೆ, ಟ್ಯಾಂಕು ತುಂಬಿಸಲು ಕೆಳಗಿನಿಂದ ಲಾರಿ ಬರಬೇಕು. ಸರ್ಕಾರದ ಹಿಮ ತೆಗೆಯುವ ಗಾಡಿ ಡಾಂಬರು ಮುಗಿಯುವ ಕಡೆ, ಅಂಚೆ ಡಬ್ಬಿಗಳ ಸಾಲಿನ ಹತ್ತಿರ ತಿರುಗಿ ಹೋಗುತ್ತದೆ. ಅಲ್ಲಿಂದ ಮೇಲೆ ನಮ್ಮ ಪಾಡು ನಮಗೆ, ಹಿಮ ತಳ್ಳಲು ನಮ್ಮದೇ ಟ್ರ್ಯಾಕ್ಟರು.

ಹಿಂದಿನ ಚಳಿಗಾಲದಲ್ಲಿ ಗ್ಯಾಸ್ ಲಾರಿ ಅಂಚೆ ಡಬ್ಬಿಗಳ ತನಕ ಬಂದು, ಹಿಮ ತುಂಬಿದ ರಸ್ತೆ ನೋಡಿ ವಾಪಸು ಹೋಗಿತ್ತು. ಆಗ ಟ್ರ್ಯಾಕ್ಟರಿಗೆ ಕ್ಯಾಬು ಇರಲಿಲ್ಲ. ಬೆಟ್ಟದ ಕಣಿವೆಯ ಕಡೆಯಿಂದ ಬೀಸುವ ಪೂರ್ವದ ಗಾಳಿಗೆ ಮುಖವೊಡ್ಡಿ ಒಂದು ಸುತ್ತು ಹೊಡೆದರೆ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು, ಒಳಗೆ ಬಂದು ಕೈ ಕಾಯಿಸಿಕೊಂಡು ಮತ್ತೆ ಹೋಗಬೇಕಿತ್ತು. ಹಾಗೆ ಮಾಡಿ ಮಾಡಿ ಹೊತ್ತು ಮೀರಿತು. ಗ್ಯಾಸ್ ಮುಗಿದು ಎರಡನೇ ಹಸಿರುಮನೆಯ ಕರಿಬೇವೆಲ್ಲ ಕಪ್ಪಾಗಿ ತಲೆ ಬಾಗಿಸಿತು. ಬೀಜದಿಂದ ಎಬ್ಬಿಸಿದ ಗಿಡಗಳು ಅವು.

ಆ ವಸಂತದಲ್ಲಿ ಒಣಗಿದ ಕುಂಡಗಳನ್ನು ಒಟ್ಟುವಾಗ ನಮ್ಮ ಯಜಮಾನರು ಹೇಳಿದರು, "ಇನ್ನೊಂದು ಚಳಿಗಾಲ ನೋಡೋಣ ಕಣೇ. ಈ ಸಲಾನೂ ಹೀಗೇ ಆದ್ರೆ ಬಾಗಿಲು ಹಾಕಿಬಿಡೋಣ. ನೀನು ವಾಪಸ್ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೇ ಸೇರ್ಕೋ." ನಾನು ಹೂಂ ಎಂದೆ. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ "ಮುಂದಿನ ವರ್ಷ" ಅನ್ನುವ ಮಾತು ಬರಲಿಲ್ಲ. ಹೊಸ ಬೀಜ ತರಿಸಲೇ ಎಂದರೆ ಅವರು "ನೋಡೋಣ" ಎನ್ನುತ್ತಿದ್ದರು.

ಅದಕ್ಕೇ ಈ ಸಲ ಕ್ಯಾಬು ತರಿಸಿದೆ. ಕಬ್ಬಿಣದ ಚೌಕಟ್ಟು, ಮುಂದೆ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗಾಜು, ಪಕ್ಕಕ್ಕೆ ಜಿಪ್ಪು ಹಾಕುವ ಕ್ಯಾನ್ವಾಸಿನ ಬಾಗಿಲು. ಮೊದಲನೇ ಹಿಮ ಬಿದ್ದ ದಿನ ಒಳಗೆ ಕೂತು ಜಿಪ್ಪು ಎಳೆದುಕೊಂಡೆ. ಆಹಾ, ಗಾಳಿಯೇ ಇಲ್ಲ! ಖುಷಿ ಎರಡು ನಿಮಿಷ ಇತ್ತು. ನನ್ನ ಉಸಿರೇ ಗಾಜಿಗೆ ಅಂಟಿ ಮಂಜಾಗಿ, ಮಂಜು ಗಟ್ಟಿಯಾಗಿ, ಎದುರಿನ ರಸ್ತೆ ಮಾಯವಾಯಿತು. ಉಸಿರು ಬಿಗಿಹಿಡಿದು ರಸ್ತೆಯ ಹಿಮ ಬಳಿಯಲಾಗುತ್ತದೆಯೆ? ಒರೆಸಿದೆ, ಮತ್ತೆ ಕಟ್ಟಿತು. ಬಿಸಿ ಇಲ್ಲದ ಕ್ಯಾಬಿಗಿಂತ ಕ್ಯಾಬು ಇಲ್ಲದಿರುವುದೇ ವಾಸಿ ಎಂದು ಆವತ್ತು ಗೊತ್ತಾಯಿತು.

ಮೊದಲು ಬ್ಯಾಟರಿಯಿಂದ ನಡೆಯುವ ಸಣ್ಣ ಕರೆಂಟ್ ಹೀಟರ್ ಹಾಕಿ ನೋಡಿದೆ. ಅದು ಗಾಜಿನ ಮೇಲೆ ಅಂಗೈಯಗಲ ಜಾಗ ಬಿಡಿಸಿತು, ಅಷ್ಟೆ. ನಮ್ಮ ಪುಟ್ಟ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಹುಟ್ಟಿಸುವ ಕರೆಂಟು ದೀಪಕ್ಕೂ ಬ್ಯಾಟರಿಗೂ ಸಾಲುವಷ್ಟಿತ್ತು, ಇದನ್ನೂ ಹೊರುವ ತಾಕತ್ತು ಅದಕ್ಕಿರಲಿಲ್ಲ. ರಸ್ತೆಯ ಮಧ್ಯೆ ಎಂಜಿನ್ ಆಫ್ ಮಾಡಿದವಳು ಮತ್ತೆ ಸ್ಟಾರ್ಟ್ ಮಾಡಲಾಗದೆ ನಡೆದುಕೊಂಡು ಮನೆಗೆ ಬಂದೆ.

ಕೆಳಗಿನ ಮನೆಯಲ್ಲಿ ಒಬ್ಬ ಅಮೆರಿಕನ್ ಅಜ್ಜ ಇದ್ದಾನೆ. ಹಿಂದೆಲ್ಲ ಈ ರಸ್ತೆಯ ಹಿಮ ಬಳಿಯುತ್ತಿದ್ದವನು ಅವನೇ, ಈಗ ಮಂಡಿ ಆಪರೇಷನ್ ಆಗಿ ಕಿಟಕಿಯಿಂದ ನೋಡುತ್ತಾ ಕೂರುತ್ತಾನೆ. ಬೇಟೆಗೆ ಹೋದಾಗ ಡೇರೆಯಲ್ಲಿ ಹಚ್ಚುತ್ತಿದ್ದ ಗ್ಯಾಸ್ ಒಲೆಯಂಥ ಹೀಟರೊಂದನ್ನು ಕೊಡುತ್ತೇನೆ, ಕ್ಯಾಬಿನಲ್ಲಿ ಇಟ್ಟುಕೋ ಎಂದ. ಮನೆಗೆ ಬಂದು ಹೇಳಿದೆ.

"ನಿಂಗೇನಾದ್ರೂ ತಲೆ ಕೆಟ್ಟಿದ್ಯಾ?" ಯಜಮಾನರು ಎದ್ದೇ ನಿಂತರು. "ಜಿಪ್ ಹಾಕಿರೋ ಡಬ್ಬದೊಳಗೆ ಗ್ಯಾಸ್ ಉರಿಸ್ತೀಯಾ? ಹೊಗೆ ಕಾಣಲ್ಲ, ವಾಸನೆ ಬರಲ್ಲ, ಕೂತಲ್ಲೇ ನಿದ್ದೆ ಹೋಗಿಬಿಡ್ತೀಯ."

"ಇಟ್ಕೋತೀನಿ ಅಂತ ನಾನೆಲ್ಲಿ ಹೇಳ್ದೆ? ಕೊಡ್ತೀನಿ ಅಂದ ಅಂತ ಹೇಳ್ದೆ ಅಷ್ಟೆ."

ಉಳಿದದ್ದು ಒಂದೇ ದಾರಿ, ಎಂಜಿನ್ನಿನ ಬಿಸಿನೀರು. ಕಾರುಗಳಲ್ಲಿ ಇರುವಂಥದೇ ಏರ್ಪಾಟು. ಎಂಜಿನ್ ತಂಪು ಮಾಡಿ ಬಿಸಿಯಾದ ನೀರನ್ನು ಒಂದು ಪೈಪಿನಲ್ಲಿ ತಂದು ಪುಟ್ಟ ರೇಡಿಯೇಟರ್ ಇರುವ ಪೆಟ್ಟಿಗೆಗೆ ಬಿಡುವುದು, ಹಿಂದಿನಿಂದ ಫ್ಯಾನ್ ಗಾಳಿ ಊದುವುದು, ತಣಿದ ನೀರು ಇನ್ನೊಂದು ಪೈಪಿನಲ್ಲಿ ಎಂಜಿನ್ನಿಗೆ ವಾಪಸು. ಪೆಟ್ಟಿಗೆ ಆನ್‌ಲೈನಿನಲ್ಲಿ ತರಿಸಿದೆ. ಕಾಲ ಬಳಿ ಇಡಲು ಜಾಗವಿರಲಿಲ್ಲ, ಎಲ್ಲ ಕಡೆ ಲಿವರುಗಳು. ಸೀಟಿನ ಕೆಳಗೆ ಇಡಬೇಕೆಂದರೆ ಸೀಟನ್ನೇ ಬಿಚ್ಚಬೇಕು. ಅಷ್ಟು ತಾಳ್ಮೆ ಯಾರಿಗಿದೆ? ತಲೆಯ ಹಿಂದೆ, ಕ್ಯಾಬಿನ ಚಾವಣಿಗೆ ಬೋಲ್ಟು ಹಾಕಿ ನೇತುಹಾಕಿದೆ.

ಎಂಜಿನ್ನಿನಲ್ಲಿ ಪೈಪು ಕೂರಿಸಲು ಎರಡು ಕಡೆ ಕಂಪನಿಯವರೇ ಮುಚ್ಚಳ ತಿರುಗಿಸಿ ಇಟ್ಟಿರುತ್ತಾರೆ. ಒಂದು ಸುಲಭವಾಗಿ ಬಿಚ್ಚಿತು. ಇನ್ನೊಂದು ತುಕ್ಕು ಹಿಡಿದು ಜಪ್ಪಯ್ಯ ಎನ್ನಲಿಲ್ಲ. ಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ತಟ್ಟಿದೆ, ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ನೇತಾಡಿದೆ.

"ರೀ, ಟಾರ್ಚ್ ಎಲ್ಲಿಗೆ ಬಿಡ್ತಿದೀರಾ? ನನ್ನ ಮುಖಕ್ಕಲ್ಲ, ಬೋಲ್ಟಿಗೆ ಬಿಡಿ!"

"ಬೋಲ್ಟಿಗೇ ಬಿಟ್ಟಿದೀನಿ. ನಿನ್ನ ತಲೆ ಅಡ್ಡ ಬರ್ತಿದೆ."

ಟಾರ್ಚ್ ಹಿಡಿಯಲು ಬರದ ಗಂಡಸರಿಗೆ ಮದುವೆ ಮಾಡಿಕೊಡಬಾರದು. ಅಂತೂ ಮುಚ್ಚಳ ಬಿಚ್ಚಿತು, ನನ್ನ ಗೆಣ್ಣಿನ ಸಿಪ್ಪೆಯನ್ನೂ ಜೊತೆಗೆ ಕಿತ್ತುಕೊಂಡಿತು.

ಪೈಪು ಜೋಡಿಸಿ, ಕ್ಲಿಪ್ಪು ಬಿಗಿದು, ಎಂಜಿನ್ ಬಿಸಿಯಾಗಲು ಬಿಟ್ಟು ಫ್ಯಾನ್ ಹಾಕಿದರೆ ಐಸಿನಂಥ ಗಾಳಿ. ಒಳಗೆ ಬರುವ ಪೈಪು ಅರ್ಧದವರೆಗೆ ಬಿಸಿ, ಅಲ್ಲಿಂದ ಮೇಲೆ ತಣ್ಣಗೆ. ಪೆಟ್ಟಿಗೆ ಎತ್ತರದಲ್ಲಿದ್ದುದರಿಂದ ಗಾಳಿ ಅಲ್ಲಿ ಸೇರಿಕೊಂಡು ನೀರನ್ನು ಹತ್ತಲು ಬಿಡುತ್ತಿರಲಿಲ್ಲ. ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆ, ಆಗಲಿಲ್ಲ. ಕೊನೆಗೆ ಏಣಿ ಹತ್ತಿ ಮೇಲಿನ ಪೈಪು ಬಿಚ್ಚಿ, ಲಾಳಿಕೆ ಇಟ್ಟು, ಚೊಂಬಿನಲ್ಲಿ ನೀರು ಹೊಯ್ದೆ. ಗುಳುಗುಳು ಎಂದು ಗಾಳಿ ಹೊರಬಂತು. ಅದಾದ ಮೇಲೆ ಕ್ಲಿಪ್ಪುಗಳು ಸೋರತೊಡಗಿದವು. ಒಂದು ಬಿಗಿದರೆ ಇನ್ನೊಂದು ತೊಟ್ಟಿಕ್ಕುತ್ತಿತ್ತು. ಪ್ರತಿದಿನ ಬೆಳಿಗ್ಗೆ ನೆಲದ ಮೇಲೆ ಒಂದು ಮಡು. ಪ್ರತಿದಿನ ನಾನು ಚೊಂಬು ಹಿಡಿದು ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದೆ.

ನೀರು, ಗಮನಿಸಿ. ಶೆಡ್ಡಿನ ಹಲಗೆಯ ಮೇಲೆ ಯಜಮಾನರು ತಂದಿಟ್ಟ, ಚಳಿಗೆ ಹೆಪ್ಪುಗಟ್ಟದ ಹಸಿರು ಕೂಲೆಂಟಿನ ದೊಡ್ಡ ಡಬ್ಬಿ ಇತ್ತು, ಸೀಲು ಕೂಡ ಒಡೆದಿರಲಿಲ್ಲ. ಸೋರುವ ಪೈಪಿಗೆ ಯಾರಾದರೂ ಒಳ್ಳೆ ಕೂಲೆಂಟ್ ಸುರಿಯುತ್ತಾರೆಯೆ? ಸೋರುವುದು ನಿಲ್ಲಲಿ, ಆಮೇಲೆ ಹಾಕಿದರಾಯಿತು ಎಂದು ಎತ್ತಿಟ್ಟಿದ್ದೆ. ನಮ್ಮಮ್ಮ ಹೊಸ ಬೆಡ್‌ಶೀಟನ್ನು ಬೀರುವಿನಲ್ಲಿ ಎತ್ತಿಟ್ಟು, ಹಳೆಯದು ಹರಿಯುವ ತನಕ ಕಾಯುತ್ತಿದ್ದ ಹಾಗೆ. ಇನ್ನು ರೇಡಿಯೇಟರಿಗೆ ನೀರು ಹೊಯ್ಯುವುದು ನನಗೆ ಚಿಕ್ಕಂದಿನ ಅಭ್ಯಾಸ. ಮೈಸೂರಿನಿಂದ ಊಟಿಗೆ ಹೊರಟರೆ ಅಪ್ಪ ಬಂಡೀಪುರ ದಾಟಿ ಕಾರು ನಿಲ್ಲಿಸಿ, ನನ್ನ ಕೈಗೆ ಕ್ಯಾನು ಕೊಟ್ಟು, "ಹುಷಾರು, ಬಿಸಿ ಇರುತ್ತೆ, ಬಟ್ಟೆ ಹಿಡ್ಕೊಂಡು ತೆಗಿ" ಎನ್ನುತ್ತಿದ್ದರು. ಕಾರಿಗೆ ಬಾಯಾರಿದರೆ ನೀರು, ಅಷ್ಟೇ ನನಗೆ ಗೊತ್ತಿದ್ದದ್ದು. ನೀರು ಹೆಪ್ಪುಗಟ್ಟುತ್ತದೆ ಎಂದು ತಲೆಗೆ ಗೊತ್ತು, ಇಲ್ಲಿಗೆ ಬಂದು ಇಷ್ಟು ವರ್ಷವಾಗಿದೆ. ಕೈಗೆ ಗೊತ್ತಿರಲಿಲ್ಲ.

ಕೊನೆಗೂ ಒಂದು ಮಧ್ಯಾಹ್ನ ಸೋರುವುದು ನಿಂತಿತು, ಬಿಸಿ ಗಾಳಿ ಬಂತು. ಮನೆಯಿಂದಲೇ ಕೆಲಸ ಮಾಡುವ ಯಜಮಾನರನ್ನು ಆಫೀಸ್ ಮೀಟಿಂಗಿನ ನಡುವೆಯೇ ಎಬ್ಬಿಸಿ ಕರೆತಂದು ಕ್ಯಾಬಿನಲ್ಲಿ ಕೂರಿಸಿದೆ. "ಪರವಾಗಿಲ್ವೇ! ಬೆವರು ಬರ್ತಿದೆ," ಎಂದರು. ಇಳಿಯುವಾಗ, "ಕೂಲೆಂಟ್ ಹಾಕಿದ್ಯಾ?" ಎಂದೂ ಕೇಳಿದರು.

"ಹೂಂ ಹೂಂ, ಹಾಕ್ತೀನಿ," ಎಂದೆ.

ಅವರ ಕಿವಿಗೆ ಹೂಂ ಬಿತ್ತು, ನನಗೆ ಹಾಕ್ತೀನಿ ಮರೆತುಹೋಯಿತು. ಮರುದಿನ ಮಲ್ಲಿಗೆಗೆ ಬಿಳಿನೊಣ ಕಾಣಿಸಿಕೊಂಡಿತು, ಎಲೆ ಎಲೆ ಒರೆಸುತ್ತಾ ಕೂತುಬಿಟ್ಟೆ.

ಆ ವಾರದ ಕೊನೆಗೆ ಹಿಮ ಬಂತು. ಸಿಯಾಟಲ್ ಕಡೆಯ ಹಿಮ ಹತ್ತಿಯ ಹಾಗೆ ಹಗುರವಾಗಿ ಬೀಳುವುದಿಲ್ಲ, ಕಲಸಿದ ಹಿಟ್ಟಿನ ಹಾಗೆ ಒದ್ದೆಯಾಗಿ ಬಿದ್ದು ಕೂರುತ್ತದೆ. ಬಿದ್ದ ರಾತ್ರಿಯೇ ಆಕಾಶ ತಿಳಿಯಾಗಿ ಪೂರ್ವದ ಗಾಳಿ ಎದ್ದು ಕೊರೆಯತೊಡಗಿತು. ಹಸಿರುಮನೆಯ ಹೀಟರುಗಳು ರಾತ್ರಿಯೆಲ್ಲ ಉರಿದವು. ಬೆಳಿಗ್ಗೆ ಟ್ಯಾಂಕಿನ ಮುಳ್ಳು ಕೆಂಪು ಗೆರೆಯ ಮೇಲೆ ಕೂತಿತ್ತು. ಗ್ಯಾಸಿನವರಿಗೆ ಫೋನ್ ಮಾಡಿದರೆ ಆ ಹೆಂಗಸು ಸಿಹಿಯಾಗಿಯೇ ಹೇಳಿದಳು. ಲಾರಿ ಮಧ್ಯಾಹ್ನದೊಳಗೆ ನಿಮ್ಮ ಕಡೆ ಬರುತ್ತದೆ, ಟ್ಯಾಂಕಿನ ತನಕ ರಸ್ತೆ ಲಾರಿಯಗಲ ತೆರೆದಿರಬೇಕು, ಇಲ್ಲದಿದ್ದರೆ ಡ್ರೈವರ್ ಮುಂದಿನ ಮನೆಗೆ ಹೋಗುತ್ತಾನೆ, ಆಮೇಲೆ ನಿಮ್ಮ ಸರದಿ ಮುಂದಿನ ವಾರ. ಮುಂದಿನ ವಾರಕ್ಕೆ ನನ್ನ ಬಳಿ ಗಿಡಗಳೇ ಇರುವುದಿಲ್ಲ ತಾಯಿ ಎಂದು ಹೇಳಬೇಕೆನಿಸಿತು. ಥ್ಯಾಂಕ್ಯೂ ಎಂದು ಫೋನಿಟ್ಟೆ.

ಯಜಮಾನರು ಹಸಿರುಮನೆಯ ಮಾಡು ಕುಸಿಯದಂತೆ ಉದ್ದನೆಯ ಪೊರಕೆಯಿಂದ ಹಿಮ ತಳ್ಳಲು ಹೋದರು. ನಾನು ಶೆಡ್ಡಿಗೆ ಹೋದೆ. ಎಂಜಿನ್ ಬೆಚ್ಚಗಿಡುವ ವಯರನ್ನು ರಾತ್ರಿಯೇ ಪ್ಲಗ್ಗಿಗೆ ಹಾಕಿ, ಮೂತಿಗೆ ಹಳೇ ಕಂಬಳಿ ಹೊದಿಸಿದ್ದೆ. ಪುಣ್ಯಕ್ಕೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹತ್ತಿ ಕೂತು ಜಿಪ್ಪು ಎಳೆದು ಫ್ಯಾನ್ ಹಾಕಿ, ಗಾಡಿ ಬಿಸಿಯಾಗಲಿ ಎಂದು ಕಾದೆ. ತಲೆಯ ಮೇಲೆ ಟಕ್ ಎಂದು ಏನೋ ಸದ್ದಾಯಿತು. ಆಮೇಲೆ ಕುತ್ತಿಗೆಯ ಹಿಂದಿನಿಂದ ಬೆನ್ನಿನೊಳಕ್ಕೆ ನೀರು ಇಳಿಯಿತು. ಫ್ಯಾನು ಅದನ್ನೇ ತುಂತುರು ಮಾಡಿ ಮುಂದಿನ ಗಾಜಿಗೂ ರಾಚಿತು, ರಾಚಿದ್ದು ಅಲ್ಲೇ ಹರಳುಗಟ್ಟಿತು.

ಕಳಪೆ ಮಾಲು ಮಾರಿದವನ ವಂಶವನ್ನೆಲ್ಲ ಬೈಯುತ್ತಾ ಕೆಳಗೆ ಹಾರಿದೆ. ಕೋಟು ಕೊಡವಿದೆ. ಆಗ ಕಣ್ಣಿಗೆ ಬಿತ್ತು. ಕೂಲೆಂಟ್ ಹಸಿರಾಗಿರುತ್ತದೆ. ನನ್ನ ತೋಳಿನ ಮೇಲಿದ್ದದ್ದು ಸ್ವಚ್ಛ ನೀರು, ಕುಡಿಯಬಹುದಾದಂಥ ನೀರು. ಹಲಗೆಯ ಮೇಲೆ ಡಬ್ಬಿ ಸೀಲು ಸಮೇತ ನನ್ನನ್ನೇ ನೋಡುತ್ತಿತ್ತು. ಎಂಜಿನ್ನನ್ನು ವಯರೂ ಕಂಬಳಿಯೂ ಕಾದಿದ್ದವು. ಚಾವಣಿಯಲ್ಲಿ ನೇತಾಡುತ್ತಿದ್ದ ಹೀಟರನ್ನು ಕಾಯುವವರು ಯಾರೂ ಇರಲಿಲ್ಲ. ಒಳಗಿನ ನೀರು ಹೆಪ್ಪುಗಟ್ಟಿ, ಉಬ್ಬಿ, ತೆಳು ತಾಮ್ರದ ಕೊಳವೆಗಳನ್ನು ಸೀಳಿತ್ತು. ಥೂ ನನ್ನ ಜನ್ಮಕ್ಕಿಷ್ಟು! ಅಳು ಬಂತು. ಅಳುವುದಕ್ಕೂ ಹೊತ್ತಿರಲಿಲ್ಲ.

ಎಂಜಿನ್ ಆಫ್ ಮಾಡಿ ಕೆಳಗಿನ ತಿರುಪು ತೆಗೆದು ನೀರೆಲ್ಲ ಬಸಿದೆ. ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಚಾಕುವಿನಿಂದ ಕತ್ತರಿಸಿ, ಒಂದಕ್ಕೊಂದು ಸಣ್ಣ ಕೊಳವೆಯಿಂದ ಸೇರಿಸಿ ಕ್ಲಿಪ್ಪು ಬಿಗಿದೆ, ಹೀಟರಿನ ಸಹವಾಸವೇ ಬೇಡ ಎಂದು. ಆಮೇಲೆ ಡಬ್ಬಿಯ ಸೀಲು ಒಡೆದು ಕೂಲೆಂಟ್ ಸುರಿದೆ. ಅಷ್ಟು ದಿನ ಕಾಪಾಡಿದ್ದ ಡಬ್ಬಿಯನ್ನು ತಳದ ತನಕ ಖಾಲಿ ಮಾಡುವಾಗ ಮೈಯೆಲ್ಲ ಉರಿಯಿತು.

ಗಾಜಿನ ಒಳಗಡೆಯ ಹರಳನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ಹೊರಟೆ. ಟ್ರ್ಯಾಕ್ಟರಿನ ಮುಂದಿರುವ, ಹಿಮ ತಳ್ಳುವ ಕಬ್ಬಿಣದ ಹಲಗೆ ಇಳಿಸಿ, ಅದನ್ನು ಸ್ವಲ್ಪ ಓರೆ ಮಾಡಿ, ಜಲ್ಲಿ ಕೀಳದ ಹಾಗೆ ನೆಲದಿಂದ ಬೆರಳಷ್ಟು ಎತ್ತಿ, ಮೊದಲು ನಡುವೆ ಒಂದು ಸಾಲು ತೆಗೆದುಕೊಂಡು ಇಳಿಯುವುದು ಕ್ರಮ. ಆಮೇಲೆ ಒಂದೊಂದೇ ಬದಿ ಅಗಲ ಮಾಡುತ್ತಾ ಹೋಗಬೇಕು. ಮನೆಯ ತಿರುವು ದಾಟುವಷ್ಟರಲ್ಲಿ ಗಾಜು ಮತ್ತೆ ಬೆಳ್ಳಗಾಯಿತು. ಒದ್ದೆ ಕೋಟು ಬೇರೆ ಆವಿ ಬಿಡುತ್ತಿತ್ತು. ಬಾಗಿಲ ಜಿಪ್ಪು ತೆಗೆದು ತಲೆ ಹೊರಗೆ ಹಾಕಿ ಓಡಿಸಿದೆ. ಬಲಗಡೆ ನೋಡಿದರೆ ಎಡಗಡೆ ಕಾಣದು. ರಸ್ತೆಯ ಅಂಚಿಗೆ ನಾನೇ ನೆಟ್ಟಿದ್ದ ಕಿತ್ತಳೆ ಬಣ್ಣದ ಗೂಟ ಲಟಕ್ ಎಂದಿತು, ಮುಂದಿನ ಎಡಗಾಲಿ ಮೋರಿಯ ಕಡೆಗೆ ಜಾರಿತು. ಟ್ರ್ಯಾಕ್ಟರ್ ವಾಲಿ ನಿಂತಿತು. ಬೆಲ್ಟು ಹೊಟ್ಟೆಗೆ ಒತ್ತಿತು. ಹಲಗೆಯನ್ನು ನೆಲಕ್ಕೆ ಒತ್ತಿ ಮೂತಿ ಎತ್ತಿಕೊಂಡು ಇಂಚಿಂಚೇ ಹಿಂದೆ ಬಂದೆ.

ರಸ್ತೆ ಮಧ್ಯೆ ನಿಲ್ಲಿಸಿ ಇಳಿದೆ. ಕ್ಯಾಬನ್ನೇ ದಿಟ್ಟಿಸಿದೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸಿಕ್ಕಿದ ಬಿಡುವನ್ನೆಲ್ಲ ಇದಕ್ಕೇ ಸುರಿದಿದ್ದೆ. ಬೆಚ್ಚಗೆ ಕೂತು ಕೆಲಸ ಮಾಡಬೇಕು ಎಂದುಕೊಂಡದ್ದು ಏಕೆ? ಗಿಡ ಉಳಿಯಲಿ ಎಂದು. ಈಗ ಇದೇ ಅಡ್ಡ ನಿಂತಿದೆ. ಹಾಳಾಗಿ ಹೋಗಲಿ ಎಂದು ಸ್ಪ್ಯಾನರ್ ತೆಗೆದೆ. ಮುಂದಿನ ಗಾಜಿನ ಬೋಲ್ಟುಗಳಲ್ಲಿ ಕೆಲವು ಬಿಚ್ಚಿದವು, ಉಳಿದವು ಬಿಚ್ಚಲಿಲ್ಲ. ಬಿಚ್ಚದ ಕಡೆ ಸುತ್ತಿಗೆಯಿಂದ ಗಾಜಿನ ಮೂಲೆಯನ್ನೇ ಒಡೆದೆ. ಬಾಗಿಲುಗಳನ್ನು ಜಿಪ್ಪಿನ ಸಮೇತ ಕಿತ್ತೆ. ಎಲ್ಲವನ್ನೂ ಹಿಮದ ಗುಡ್ಡೆಯ ಮೇಲೆ ಎಸೆದು, ಶಾಲನ್ನು ತಲೆಗೂ ಮೂಗಿಗೂ ಸುತ್ತಿ ಮತ್ತೆ ಹತ್ತಿದೆ.

ಗಾಳಿ ನೇರ ಕಣ್ಣಿಗೆ ಹೊಡೆಯಿತು. ಆದರೆ ರಸ್ತೆ ಕಂಡಿತು, ಎರಡೂ ಅಂಚು, ಒಂದೊಂದು ಗೂಟವೂ. ಇಳಿದೆ, ಹತ್ತಿದೆ, ಇಳಿದೆ. ಬೆರಳುಗಳು ಮೊದಲು ನೋಯತೊಡಗಿದವು, ಆಮೇಲೆ ಉರಿದವು, ಆಮೇಲೆ ಅವು ನನ್ನವೇ ಅಲ್ಲದ ಹಾಗಾದವು. ಲಿವರ್ ಎಳೆಯಲು ಬೆರಳು ಮಡಚಲಾಗದೆ ಮಣಿಕಟ್ಟು ಸಿಕ್ಕಿಸಿ ಎಳೆದೆ. ಈ ಸಲ ಕೈ ಕಾಯಿಸಿಕೊಳ್ಳಲು ಒಳಗೆ ಹೋಗಲಿಲ್ಲ. ಹೋದರೆ ವಾಪಸು ಬರುವುದಿಲ್ಲ ಎಂದು ಗೊತ್ತಿತ್ತು.

ಕೊನೆಯ ಬದಿ ಅಗಲ ಮಾಡುತ್ತಿರುವಾಗ ಕೆಳಗೆ ಅಂಚೆ ಡಬ್ಬಿಗಳ ಹತ್ತಿರ ಬಿಳಿ ಲಾರಿ ಬಂದು ನಿಂತಿತು. ಡ್ರೈವರ್ ಇಳಿದು ಸೊಂಟದ ಮೇಲೆ ಕೈಯಿಟ್ಟು ರಸ್ತೆ ನೋಡಿದ. ಹಿಂದಿನ ವರ್ಷದ ಡ್ರೈವರೂ ಹೀಗೇ ನಿಂತಿದ್ದ, ಹೀಗೇ ನೋಡಿ ಲಾರಿ ಹತ್ತಿ ಹೋಗಿದ್ದ. ಹಲಗೆ ಇಳಿಸಿ ಉಳಿದ ತುಂಡನ್ನು ಒಂದೇ ಉಸಿರಿಗೆ ತಳ್ಳಿ ಪಕ್ಕಕ್ಕೆ ಸರಿದು ನಿಂತೆ. ಅವನು ಚಕ್ರಗಳಿಗೆ ಸರಪಳಿ ಸುತ್ತಿದ. ನಿಧಾನವಾಗಿ ಹತ್ತಿ ಬಂದು ನನ್ನ ಪಕ್ಕ ನಿಲ್ಲಿಸಿ ಕಿಟಕಿ ಇಳಿಸಿದ. ಗಾಜಿಲ್ಲದ, ಬಾಗಿಲಿಲ್ಲದ ಕ್ಯಾಬನ್ನೂ ಒಳಗೆ ಶಾಲು ಸುತ್ತಿಕೊಂಡ ನನ್ನನ್ನೂ ನೋಡಿ, ಕ್ಯಾಬಿಗೆ ಏನಾಯಿತು ಎಂದು ಕೇಳಿದ.

"ವೆಂಟಿಲೇಷನ್," ಎಂದೆ. ತುಟಿ ಮರಗಟ್ಟಿ ಅಷ್ಟೇ ಹೊರಟಿತು. ಅವನು ನಗುತ್ತಾ ಮೇಲೆ ಹೋದ.

ಲಾರಿ ಟ್ಯಾಂಕು ತುಂಬುವಾಗ ಮುಳ್ಳು ಕೆಂಪು ಗೆರೆ ಬಿಟ್ಟು ಏಳುವುದನ್ನು ನಿಂತು ನೋಡಿದೆ. ಯಜಮಾನರು ಪೊರಕೆ ಬಿಸಾಕಿ ಬಂದವರು ನನ್ನ ಕೈ ನೋಡಿ ಹಸಿರುಮನೆಯೊಳಗೆ ಎಳೆದುಕೊಂಡು ಹೋದರು. ಗಿಡಗಳಿಗೆ ಹಾಕುವ ಉಗುರುಬೆಚ್ಚಗಿನ ನೀರಿನ ನಲ್ಲಿ ಬಿಟ್ಟು ನನ್ನ ಎರಡೂ ಕೈಗಳನ್ನು ಅದರ ಕೆಳಗೆ ಹಿಡಿದರು. ಬೆರಳಿಗೆ ಜೀವ ಬರುವಾಗಿನ ನೋವಿಗೆ ಕಿರುಚಿಬಿಟ್ಟೆ. ಸುತ್ತ ಕರಿಬೇವು ಹಸಿರಾಗಿ ನಿಂತಿತ್ತು, ಎಲೆಯ ತುದಿ ಕೂಡ ಕಪ್ಪಾಗಿರಲಿಲ್ಲ.

"ಕೂಲೆಂಟ್ ಹಾಕಿರ್ಲಿಲ್ಲ ಅಲ್ವಾ?" ಎಂದರು.

"ಇಲ್ಲ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ತಿರುಗಿ ಬೈಯಲು ನನ್ನ ಹತ್ತಿರವೂ ಸಾಕಷ್ಟಿತ್ತು. ಅವರು ನನ್ನ ಬೆರಳುಗಳನ್ನು ಒಂದೊಂದೇ ಉಜ್ಜಿದರು.

"ಮುಂದಿನ ವರ್ಷ ಹೀಟರನ್ನ ಮೇಲೆ ನೇತುಹಾಕೋದು ಬೇಡ ಕಣೇ," ಎಂದರು. "ಸೀಟು ಬಿಚ್ಚಿ ಕೆಳಗೇ ಇಡೋಣ."

ಮೊದಲ ಎರಡು ಪದ ಕೇಳಿದ ಮೇಲೆ ಉಳಿದದ್ದು ನನ್ನ ಕಿವಿಗೆ ತಡವಾಗಿ ಬಿತ್ತು. ಕಣ್ಣು ತುಂಬಿತು, ಕೈ ಒದ್ದೆಯಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

"ಇಡೋದು ನಾನು," ಎಂದೆ. "ನೀವು ಟಾರ್ಚ್ ಸರಿಯಾಗಿ ಹಿಡೀರಿ, ಸಾಕು."